ಎಫ್‌ಬಿಜಿ ಸೆನ್ಸರ್ ಸೆಟ್: ಎಳೆಗೆ ಐದು ಸ್ಟಾರ್, ಅಂಟಿಸುವ ಕೆಲಸಕ್ಕೆ ಮೂರು

ಕಾರವಾರದ ಸಮುದ್ರದಂಚಿನ ಆರ್‌ಸಿಸಿ ಕಟ್ಟಡವೊಂದರ ಬೀಮ್, ಕಾಲಮ್‌ಗಳ ಮೇಲೆ ಹಲವು ಮಳೆಗಾಲ ಓಡಿದ ಸೆಟ್ ಇದು. ಎಫ್‌ಬಿಜಿ ಅಂದರೆ ಫೈಬರ್ ಬ್ರ್ಯಾಗ್ ಗ್ರೇಟಿಂಗ್: ಒಂದು ತರಂಗಾಂತರದ ಬೆಳಕನ್ನು ಮಾತ್ರ ಹಿಂದಕ್ಕೆ ಕಳಿಸುವಂತೆ ಗಾಜಿನ ಎಳೆಯೊಳಗೆ ಮೂಡಿಸಿದ ಗುರುತು. ಎಳೆ ಹಿಗ್ಗಿದರೆ ಆ ತರಂಗಾಂತರ ಸರಿಯುತ್ತದೆ. 2024ರ ಆಗಸ್ಟ್ 7ರಂದು ಕಾಳಿ ನದಿಯ ಹಳೇ ಸೇತುವೆ ಕುಸಿದಾಗಿನಿಂದ ಈ ಕಡೆ ಇಂಥ ಉಪಕರಣ ವಿಚಾರಿಸುವವರು ಜಾಸ್ತಿಯಾಗಿದ್ದಾರೆ. ಕೊಳ್ಳುವ ಮೊದಲು ಇಷ್ಟು ಓದಿಕೊಳ್ಳಿ.

ಉಪ್ಪುಗಾಳಿಗೆ ಹಿಗ್ಗು-ಕುಗ್ಗು ಅಳೆಯುವ ವಿದ್ಯುತ್ ಸ್ಟ್ರೇನ್ ಗೇಜಿನ ಟರ್ಮಿನಲ್ ತುಕ್ಕು ಹಿಡಿಯುತ್ತದೆ, ಗಾಜಿನ ಎಳೆ ಹಿಡಿಯುವುದಿಲ್ಲ. ಮಳೆಗೆ ಮುಂಚಿನ ಗುಡುಗು ಸಿಡಿಲಿಗೂ ಎಳೆ ಜಗ್ಗುವುದಿಲ್ಲ. ಕೇಬಲ್ ಎಲ್ಲೋ ಸ್ವಲ್ಪ ಬಾಗಿ ಬೆಳಕು ಕಡಿಮೆಯಾದರೂ ರೀಡಿಂಗ್ ಕೆಡುವುದಿಲ್ಲ, ಯಾಕೆಂದರೆ ಲೆಕ್ಕಕ್ಕೆ ಬರುವುದು ಬೆಳಕಿನ ತೀವ್ರತೆಯಲ್ಲ, ತರಂಗಾಂತರ. 1550 ನ್ಯಾನೋಮೀಟರ್ ಆಸುಪಾಸಿನಲ್ಲಿ ಒಂದು ಮೈಕ್ರೋಸ್ಟ್ರೇನ್‌ಗೆ (ಉದ್ದದ ಹತ್ತು ಲಕ್ಷದಲ್ಲೊಂದು ಪಾಲು ಹಿಗ್ಗಿದ್ದಕ್ಕೆ) ಸುಮಾರು 1.2 ಪಿಕೋಮೀಟರ್ ಸರಿಯುತ್ತದೆ. ಕಾಂಕ್ರೀಟ್ ಎಳೆತಕ್ಕೆ ಬಿರಿಯುವುದು ಸುಮಾರು 100 ಮೈಕ್ರೋಸ್ಟ್ರೇನ್‌ಗೆ. ಅಂದರೆ ಕಣ್ಣಿಗೆ ಬಿರುಕು ಕಾಣುವ ಮೊದಲೇ ಗ್ರಾಫ್‌ನಲ್ಲಿ ಕಾಣಬೇಕು.

ಆದರೆ ಬಿಸಿಲಿಗೂ ಗ್ರಾಫ್ ಏರುತ್ತದೆ. ಗ್ರೇಟಿಂಗ್ ಒಂದೇ ಡಿಗ್ರಿಗೆ ಸುಮಾರು 10 ಪಿಕೋಮೀಟರ್ ಸರಿಯುತ್ತದೆ, ಕಾಂಕ್ರೀಟ್ ಹಿಗ್ಗುವುದೂ ಸೇರಿದರೆ ಸುಮಾರು 20. ತಾರಸಿ ಬೀಮ್ ಮಧ್ಯಾಹ್ನ 10 ಡಿಗ್ರಿ ಕಾದರೆ 200 ಪಿಕೋಮೀಟರ್, ಅಂದರೆ ಸುಮಾರು 167 ಮೈಕ್ರೋಸ್ಟ್ರೇನ್ ಬಂದಂತೆ ತೋರುತ್ತದೆ. ಕಟ್ಟಡಕ್ಕೆ ಏನೂ ಆಗಿರುವುದಿಲ್ಲ. ಅದಕ್ಕೇ ಪ್ರತಿ ಬೀಮ್ ಪಕ್ಕದಲ್ಲಿ, ಬಿಸಿಯನ್ನು ಮಾತ್ರ ಅಳೆಯಲು ಸಣ್ಣ ಕೊಳವೆಯೊಳಗೆ ಸಡಿಲವಾಗಿ ಬಿಟ್ಟ ಇನ್ನೊಂದು ಗ್ರೇಟಿಂಗ್ ಬೇಕೇ ಬೇಕು. ಉಳಿತಾಯವೆಂದು ಇದನ್ನು ಬಿಟ್ಟ ಸೆಟ್ ಬೆಲೆ ಎಷ್ಟೇ ಕಡಿಮೆಯಿದ್ದರೂ ಬೇಡ.

ಕೆಲಸ ಕೆಡುವುದು ಹೆಚ್ಚಾಗಿ ಅಂಟಿನಲ್ಲಿ. ಪ್ಲಾಸ್ಟರ್ ಪೂರ್ತಿ ಕಿತ್ತು, ಗ್ರೈಂಡರ್‌ನಿಂದ ಗಟ್ಟಿ ಕಾಂಕ್ರೀಟ್ ಕಾಣುವವರೆಗೆ ತೇಯಬೇಕು. ಧೂಳು ಊದಿ, ಅಸಿಟೋನ್‌ನಿಂದ ಒರೆಸಿ, ಒಣಗಿದ ಮೇಲೆ ಎಪಾಕ್ಸಿ ತೆಳ್ಳಗೆ ಹಚ್ಚಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಒದ್ದೆ ಕಾಂಕ್ರೀಟ್ ಮೇಲೆ ಎಪಾಕ್ಸಿ ಸರಿಯಾಗಿ ಹಿಡಿಯದೆ ಎಳೆ ಮೆಲ್ಲಗೆ ಜಾರುತ್ತದೆ, ಗ್ರಾಫ್ ತಿಂಗಳುಗಟ್ಟಲೆ ಕೆಳಗಿಳಿಯುತ್ತ ಬೀಮ್ ಸಡಿಲಾದಂತೆ ಸುಳ್ಳು ಹೇಳುತ್ತದೆ. ಡಿಸೆಂಬರ್‌ನಿಂದ ಮಾರ್ಚ್ ಸೂಕ್ತ. ಎಪಾಕ್ಸಿ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾದರೆ ಪೀಕ್ (ಮರಳಿ ಬರುವ ಬೆಳಕಿನ ಗ್ರಾಫ್‌ನ ಮೊನೆ) ಅಗಲವಾಗುತ್ತದೆ, ಕೆಲವೊಮ್ಮೆ ಎರಡಾಗಿ ಸೀಳುತ್ತದೆ. ಅಂಟು ಗಟ್ಟಿಯಾದ ದಿನವೇ ಪೀಕ್‌ನ ಆಕಾರ ನೋಡಿ, ಸೀಳಿದ್ದರೆ ಆಗಲೇ ಹೊಸದು ಹಾಕಿಸಿ. ಈಗಾಗಲೇ ಇರುವ ಬಿರುಕಿನ ಮೇಲೆ ಎಳೆಯನ್ನು ನೇರ ಅಂಟಿಸಿದರೆ ತುಂಡಾಗುತ್ತದೆ. ಅಲ್ಲಿಗೆ ಬಿರುಕಿನ ಆಚೀಚೆ ಬಿಗಿಯುವ ಉದ್ದನೆಯ ಗೇಜ್ ಬೇರೆ ಸಿಗುತ್ತದೆ.

1510ರಿಂದ 1590 ನ್ಯಾನೋಮೀಟರ್ ಓದುವ ಇಂಟರಾಗೇಟರ್‌ನಲ್ಲಿ (ಎಳೆಗೆ ಬೆಳಕು ಬಿಟ್ಟು ಮರಳಿದ್ದನ್ನು ಓದುವ ಪೆಟ್ಟಿಗೆ), ಸೆನ್ಸರ್‌ಗಳ ತರಂಗಾಂತರಗಳ ನಡುವೆ 4 ನ್ಯಾನೋಮೀಟರ್ ಅಂತರ ಬಿಟ್ಟರೆ ಒಂದು ಎಳೆಗೆ ಸುಮಾರು 20 ಸೆನ್ಸರ್ ಕೂರುತ್ತವೆ. ನಡುವೆ ತುಂಡಾದರೆ ಆಚೆಯವೆಲ್ಲ ಹೋದವು. ಹಾಗಾಗಿ ಎಳೆಯ ಇನ್ನೊಂದು ತುದಿಯನ್ನೂ ಪೆಟ್ಟಿಗೆಯವರೆಗೆ ತಂದಿಟ್ಟರೆ ಆ ಕಡೆಯಿಂದ ಓದಬಹುದು. ಇಲಿ ಕಡಿಯದಂತೆ ಪೈಪಿನೊಳಗೇ ಎಳೆಸಿ, ತಿರುವುಗಳಲ್ಲಿ 30 ಮಿಲಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಬಗ್ಗಿಸಬೇಡಿ. ತುಂಡಾದದ್ದನ್ನು ಊರಲ್ಲಿ ಇಂಟರ್ನೆಟ್ ಕೇಬಲ್ ಎಳೆಯುವ ಹುಡುಗರೇ ಸ್ಪ್ಲೈಸಿಂಗ್ ಮೆಷಿನ್‌ನಲ್ಲಿ ಬೆಸೆದು ಕೊಡುತ್ತಾರೆ. ಆದರೆ ಅವರ ಕೈಲಿರುವ ನೀಲಿ ಕನೆಕ್ಟರ್ ಹಾಕಿಸಬೇಡಿ. ಇದಕ್ಕೆ ಬೇಕಾದ್ದು ತುದಿ ಓರೆ ಕೊಯ್ದ ಹಸಿರು ಎಪಿಸಿ.

ಇನ್ನೊಂದು ಮಾತು ಮಾರುವವರು ಹೇಳುವುದಿಲ್ಲ. ನಮ್ಮ ಕರಾವಳಿಯ ಕಟ್ಟಡಗಳ ನಿಜವಾದ ಕಾಯಿಲೆ ಒಳಗಿನ ಕಬ್ಬಿಣಕ್ಕೆ ಹತ್ತುವ ತುಕ್ಕು. ಕಬ್ಬಿಣವನ್ನು ಮುಚ್ಚಿರುವ ಕವರ್ ಕಾಂಕ್ರೀಟ್ ಉಬ್ಬುವವರೆಗೆ ಅದು ಈ ಸೆನ್ಸರ್‌ಗೆ ಸರಿಯಾಗಿ ಸಿಗುವುದಿಲ್ಲ. ಆದ್ದರಿಂದ ಆಗಾಗ ಒಳಗಿನ ಕಬ್ಬಿಣದ ವಿದ್ಯುತ್ ವಿಭವ ಅಳೆಯುವ ಹಾಫ್ ಸೆಲ್ ಪರೀಕ್ಷೆಯನ್ನೂ ಮಾಡಿಸಿ: ತಾಮ್ರ-ತಾಮ್ರದ ಸಲ್ಫೇಟ್ ಎಲೆಕ್ಟ್ರೋಡ್‌ನಲ್ಲಿ ಮೈನಸ್ 350 ಮಿಲಿವೋಲ್ಟ್‌ಗಿಂತ ಕೆಳಗೆ ಹೋದರೆ ತುಕ್ಕು ನಡೆಯುತ್ತಿರುವ ಸಾಧ್ಯತೆ ಶೇ. 90ಕ್ಕಿಂತ ಹೆಚ್ಚು. ಇಂಟರಾಗೇಟರ್ ಬೆಲೆ ಲಕ್ಷಗಳಲ್ಲಿ. ಸಂಶಯದ ಬೀಮ್ ಒಂದೆರಡೇ ಇದ್ದರೆ ಪೆಟ್ಟಿಗೆ ಕೊಳ್ಳದೆ ಸೆನ್ಸರ್ ಮಾತ್ರ ಹಾಕಿಸಿ, ಮಳೆಗೆ ಮುಂಚೆ ಒಮ್ಮೆ, ನಂತರ ಒಮ್ಮೆ, ಬೆಳಗಿನ ಜಾವ ಬಾಡಿಗೆ ಪೆಟ್ಟಿಗೆಯಲ್ಲಿ ಓದಿಸಿದರೂ ಕೆಲಸ ಆಗುತ್ತದೆ.