ಟಾನ್ಸಿಲ್ ಟೇಬಲ್ ಮೇಲೆ ಓರಲ್ ರೇ ಟ್ಯೂಬ್: ಕೊಳ್ಳಬಹುದೇ?

ಮಕ್ಕಳ ಟಾನ್ಸಿಲ್ ಆಪರೇಷನ್‌ನಲ್ಲಿ ಸರ್ಜನ್‌ಗೂ ಅರಿವಳಿಕೆ ತಜ್ಞರಿಗೂ ಬೇಕಿರುವುದು ಒಂದೇ ಬಾಯಿ. ಬಾಯಿಯ ಮೂಲಕ ಉಸಿರಿನ ಕೊಳವೆಗೆ ಇಳಿಸುವ, ಗದ್ದದತ್ತ ಬಾಗಿದ ನಳಿಕೆಯಾದ ಓರಲ್ ರೇ (RAE) ಟ್ಯೂಬ್ ಈ ಪೈಪೋಟಿಯನ್ನು ಬಹುಪಾಲು ಬಗೆಹರಿಸುತ್ತದೆ. ಅರಿವಳಿಕೆ ಯಂತ್ರಕ್ಕೆ ಜೋಡಿಸುವ ಕೊಳವೆಗಳು (ಸರ್ಕಿಟ್) ಎದೆಯ ಕಡೆ ಹೋಗುತ್ತವೆ. ಬಾಯನ್ನು ತೆರೆದಿಡುವ ಬಾಯ್ಲ್-ಡೇವಿಸ್ ಗ್ಯಾಗ್‌ನ ಸೀಳಿರುವ ಬ್ಲೇಡ್‌ನಡಿ ಟ್ಯೂಬ್ ನಡುಮಧ್ಯೆ ಕೂರುತ್ತದೆ.

ಕೊಳ್ಳುವುದಾದರೆ ಕಫ್ (ಟ್ಯೂಬ್ ಸುತ್ತ ಗಾಳಿ ತುಂಬಿ ಸೋರಿಕೆ ತಡೆಯುವ ಪಟ್ಟಿ) ಇರುವುದನ್ನೇ ಕೊಳ್ಳಿ. ಕಫ್ ಇಲ್ಲದಿದ್ದರೆ ರಕ್ತ ಕೆಳಗಿಳಿಯಬಹುದು, ಆಕ್ಸಿಜನ್ ಬಾಯೊಳಗೆ ಸೋರುತ್ತದೆ. ವಿದ್ಯುತ್ತಿನಿಂದ ಸುಟ್ಟು ರಕ್ತ ನಿಲ್ಲಿಸುವ ಡಯಾಥರ್ಮಿ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ. ಟ್ಯೂಬ್‌ನ ಸೈಜ್‌ಗೆ (ಒಳವ್ಯಾಸ, ಮಿ.ಮೀ.), 2 ವರ್ಷ ದಾಟಿದವರಿಗೆ ವಯಸ್ಸನ್ನು 4ರಿಂದ ಭಾಗಿಸಿ 3.5 ಕೂಡಿಸಿ: 6 ವರ್ಷಕ್ಕೆ 5.0. ಅರ್ಧ ಸೈಜ್ ಚಿಕ್ಕದೂ ಕೈಗೆಟುಕುವಂತಿರಲಿ. ಕಫ್ ಒತ್ತಡ 20 ಸೆಂ.ಮೀ. ನೀರಿನ ಮಟ್ಟ ಮೀರಬಾರದು. ಕಫ್‌ಗೆ ಜೋಡಿಸಿದ ಹೊರಗಿನ ಪುಟ್ಟ ಬಲೂನನ್ನು ಬೆರಳಲ್ಲಿ ಒತ್ತಿ ಅಂದಾಜು ಮಾಡುವುದು ಸಾಲದು, ಒತ್ತಡ ಅಳೆಯುವ ಮಾನೋಮೀಟರ್ ಬೇಕು. ಅರಿವಳಿಕೆಯ ಅನಿಲವಾದ ನೈಟ್ರಸ್ ಆಕ್ಸೈಡ್ ಕೊಡುತ್ತಿದ್ದರೆ ಒತ್ತಡ ಏರುತ್ತಲೇ ಹೋಗುತ್ತದೆ.

ಇದರ ದೊಡ್ಡ ಕೊರತೆ ಬಾಗೇ. ಸಾದಾ ಟ್ಯೂಬನ್ನು ಬೇಕಾದ ಆಳಕ್ಕೆ ನಿಲ್ಲಿಸಿ ಪ್ಲಾಸ್ಟರ್ ಹಚ್ಚಬಹುದು. ಇಲ್ಲಿ ಆಳವನ್ನು ನಿರ್ಧರಿಸುವುದು ಬಾಗು. ವಯಸ್ಸಿಗೆ ಕುಳ್ಳಗಿರುವ ಮಗುವಿನಲ್ಲಿ ಬಾಗು ತುಟಿಗೆ ಬರುವಷ್ಟರಲ್ಲಿ ತುದಿ ಬಲ ಶ್ವಾಸನಾಳಕ್ಕೆ ಇಳಿದಿರಬಹುದು. ಭುಜದಡಿ ರೋಲ್ ಇಟ್ಟು ಕತ್ತು ಹಿಂದಕ್ಕೆ ಬಾಗಿಸಿದರೆ ಅದೇ ತುದಿ ಮೇಲಕ್ಕೆ ಸರಿಯುತ್ತದೆ. ಆದ್ದರಿಂದ ಟ್ಯೂಬ್ ಹಾಕಿದ ಕೂಡಲೇ ಒಮ್ಮೆ, ಗ್ಯಾಗ್ ತೆರೆದ ಮೇಲೆ ಇನ್ನೊಮ್ಮೆ, ಎದೆಯ ಎರಡೂ ಕಡೆ ಸ್ಟೆತ್ ಇಟ್ಟು ಕೇಳಲೇಬೇಕು.

ಗ್ಯಾಗ್ ತೆರೆಯುವಾಗ ಕೈ ಉಸಿರು ತುಂಬುವ ಬ್ಯಾಗ್ ಮೇಲಿರಲಿ. ಬ್ಯಾಗ್ ಗಟ್ಟಿಯಾಗಿ, ಹೊರಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ತೋರಿಸುವ ಕ್ಯಾಪ್ನೋಗ್ರಾಫ್‌ನ ಗೆರೆ ಓರೆಯಾದರೆ ಬ್ಲೇಡ್ ಟ್ಯೂಬನ್ನು ಅದುಮಿದೆಯೆಂದೇ ಮೊದಲು ಶಂಕಿಸಿ. ಉಬ್ಬಸವೆಂದು ಔಷಧಿಗೆ ಓಡುವ ಮುನ್ನ ಗ್ಯಾಗ್ ಸಡಿಲಿಸಲು ಹೇಳಿ. ಸಡಿಲಿಸಿದೊಡನೆ ಸರಿಹೋದರೆ ಬ್ಲೇಡ್‌ನ ಸೈಜ್ ಬದಲಿಸಿ. ಗ್ಯಾಗ್ ತೆಗೆಯುವಾಗ ಟ್ಯೂಬನ್ನು ತುಟಿಯ ಬಳಿ ಹಿಡಿದುಕೊಳ್ಳದಿದ್ದರೆ ಅದೂ ಜೊತೆಗೇ ಬಂದೀತು. ಬಾಗಿನಲ್ಲಿ ಸಕ್ಷನ್ ಕ್ಯಾತೆಟರ್ (ಸ್ರಾವ ಹೀರುವ ಸಣ್ಣ ನಳಿಕೆ) ಸಲೀಸಾಗಿ ಇಳಿಯುವುದಿಲ್ಲ, ಬಾಗನ್ನು ಕೈಯಲ್ಲಿ ನೇರ ಮಾಡಿ ಹಿಡಿಯಬೇಕಾಗುತ್ತದೆ.

ಉಸಿರಿನ ಕೊಳವೆಗೆ ಇಳಿಯದೆ ಅದರ ಬಾಯಿಯ ಮೇಲೆ ಕೂರುವ ಫ್ಲೆಕ್ಸಿಬಲ್ ಲಾರಿಂಜಿಯಲ್ ಮಾಸ್ಕ್ ಪರ್ಯಾಯವೇನೋ ಹೌದು: 10–20 ಕೆ.ಜಿ.ಗೆ ಸೈಜ್ 2, 20–30 ಕೆ.ಜಿ.ಗೆ 2.5. ಮಗು ಏಳುವಾಗ ಕೆಮ್ಮು ಕಡಿಮೆ. ಆದರೆ ಗ್ಯಾಗ್ ತಗುಲಿ ಜಾರುತ್ತದೆ. ಅದರಲ್ಲಿ ಕೈ ಪಳಗದ ತಂಡಕ್ಕೆ, ನಿದ್ರೆಯಲ್ಲಿ ಉಸಿರುಕಟ್ಟುವ ಮಕ್ಕಳಿಗೆ ರೇ ಟ್ಯೂಬೇ ಸೈ.

ಯಾವುದನ್ನೇ ಬಳಸಿದರೂ ತೆಗೆಯುವ ಮುನ್ನ ಕಿರುನಾಲಿಗೆಯ ಹಿಂದೆ, ಮೂಗಿನ ಹಿಂಭಾಗದಲ್ಲಿ ಹೆಪ್ಪುಗಟ್ಟಿದ ರಕ್ತ ಉಳಿದಿಲ್ಲವೆಂದು ನೋಡಿ ಹೀರಿ ತೆಗೆಯಬೇಕು. ಗಂಟಲಲ್ಲಿ ರಕ್ತ ಹೀರುವ ಬಟ್ಟೆಯ ಪ್ಯಾಕ್ ಇಟ್ಟಿದ್ದರೆ ಅದು ಹೊರಬಂದದ್ದನ್ನು ಇಬ್ಬರು ಎಣಿಸಿ ಖಚಿತಪಡಿಸಬೇಕು.