ತೀರ್ಥಹಳ್ಳಿಯ ತೋಟದ ಮಹಡಿ ಮನೆ: ತಿಂಗಳ ಬಾಡಿಗೆಗೆ ಬರುವ ಹೊರಗಿನವರಿಗಾಗಿ

ತೀರ್ಥಹಳ್ಳಿ ಪೇಟೆಯಿಂದ ಆಗುಂಬೆ ರಸ್ತೆಯಲ್ಲಿ ತುಸು ದೂರ ಸಾಗಿ ಒಳಕ್ಕೆ ತಿರುಗಿದರೆ ಸಿಗುವ ಅಡಿಕೆ ಬೆಳೆಗಾರರೊಬ್ಬರ ಮನೆಯ ಮಹಡಿಯನ್ನು ತಿಂಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಧಾರವಾಡದವಳಾದ ನಾನು ಮತ್ತು ಜರ್ಮನಿಯವರಾದ ನನ್ನ ಪತಿ ಮಳೆಗಾಲದ ನಡುವೆ ಬಂದು ಬೇಸಿಗೆ ಮುಗಿಯುವವರೆಗೆ ಅಲ್ಲಿದ್ದೆವು. ಎರಡು ಕೋಣೆ, ಅಡುಗೆಮನೆ, ಮುಂದೆ ಉದ್ದನೆಯ ಜಗಲಿ ಇರುವ ಈ ಮನೆಗೆ ನಾವು ತಿಂಗಳಿಗೆ 9 ಸಾವಿರ ರೂಪಾಯಿ ಕೊಡುತ್ತಿದ್ದೆವು. ಮುಂಗಡ ಎರಡು ತಿಂಗಳದ್ದು ಮಾತ್ರ. ಬೆಂಗಳೂರಿನಲ್ಲಿ ಇಷ್ಟು ಹಣಕ್ಕೆ ಏನು ಸಿಗುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಅಗ್ಗವೆಂಬ ಒಂದೇ ಕಾರಣಕ್ಕೆ ಬರುವವರಿಗೆ ಈ ಮನೆ ಒಗ್ಗುವುದಿಲ್ಲ. ಕೆಳಗಿನ ತೋಟದ ಕೆಲಸಕ್ಕೆ ತಕ್ಕಂತೆ ಮೇಲಿನವರ ದಿನಚರಿಯೂ ಬದಲಾಗಬೇಕಾಗುತ್ತದೆ.

ಮೊದಲಿಗೆ ಮಳೆಯ ವಿಷಯ. ಫೋನಿನಲ್ಲಿ ವಿಚಾರಿಸಿದಾಗಲೇ ಯಜಮಾನರು, "ಮಳೆ ಹೊಯ್ಯೋವಾಗ ಇಲ್ಲಿ ಬಟ್ಟೆ ಒಣಗಲ್ಲ ಮಾರಾಯ್ರೆ, ಆಮೇಲೆ ನಮ್ಮನ್ನ ಬಯ್ಯಬೇಡಿ" ಎಂದು ಹೇಳಿದ್ದರು. ಬಾಡಿಗೆಗೆ ಕೊಡುವವರಲ್ಲಿ ಇಂಥ ಪ್ರಾಮಾಣಿಕತೆ ಅಪರೂಪ. ಅವರು ಹೇಳಿದಂತೆಯೇ ಆಯಿತು: ಪುಸ್ತಕಗಳ ರಟ್ಟು, ಚರ್ಮದ ಚಪ್ಪಲಿ, ಕೊನೆಗೆ ಮರದ ಕಪಾಟಿನ ಹಿಂಬದಿಗೂ ಬೂಷ್ಟು ಹಿಡಿಯಿತು. ಬಟ್ಟೆ ಒಣಗಿಸಲು ಇರುವ ಒಂದೇ ಉಪಾಯವೆಂದರೆ ಕೆಳಗಿನ ಬಚ್ಚಲೊಲೆಯ ಮೇಲೆ ಕಟ್ಟಿರುವ ಬಿದಿರಿನ ಗಳ. ಅಲ್ಲಿ ಹರವಿದ ಅಂಗಿ ಒಂದೇ ರಾತ್ರಿಯಲ್ಲಿ ಬೆಚ್ಚಗೆ ಒಣಗುತ್ತದೆ, ಹೊಗೆಯ ವಾಸನೆ ಮಾತ್ರ ಬಿಡುವುದಿಲ್ಲ. ಗಾಳಿಗೆ ತಂತಿಯ ಮೇಲೆ ಮರ ಬಿದ್ದರೆ ಕರೆಂಟು ಒಂದೆರಡು ದಿನ ಬಾರದೆಯೂ ಇರಬಹುದು. ಇನ್ವರ್ಟರ್ ದೀಪಗಳಿಗೆ ಸಾಲುತ್ತದೆ, ದಿನವಿಡೀ ಲ್ಯಾಪ್‌ಟಾಪ್ ಹಿಡಿದು ಕೂರುವವರ ಉದ್ಯೋಗಕ್ಕೆ ಸಾಲುವುದಿಲ್ಲ. ಮೊಬೈಲ್ ಸಿಗ್ನಲ್ ಜಗಲಿಯ ಒಂದು ಮೂಲೆಯಲ್ಲಷ್ಟೇ ಸರಿಯಾಗಿ ಸಿಗುತ್ತದೆ. ರಕ್ತ ಹೀರುವ ಉಂಬಳಗಳ (ಜಿಗಣೆಗಳ) ಕಾಟ ಅಂಗಳ ದಾಟಿದ ಕೂಡಲೇ ಆರಂಭವಾಗುತ್ತದೆ.

ಮಳೆ ಹಿಂದೆ ಸರಿದು ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಶುರುವಾದ ಮೇಲೆ ತೊಂದರೆಯ ಬಗೆ ಬೇರೆ. ಇಳಿಸಿದ ಹಸಿ ಅಡಿಕೆಯನ್ನು ಹೆಚ್ಚು ಕಾಲ ಇಟ್ಟರೆ ಬಣ್ಣ ಕೆಡುವುದರಿಂದ ಬೇಗ ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕಂದು ರಸದಲ್ಲಿ) ಬೇಯಿಸಿ, ಒಣಗಿಸಬೇಕು. ಹಾಗಾಗಿ ಸುಲಿಯುವ ಯಂತ್ರ ರಾತ್ರಿ ಹತ್ತು ಗಂಟೆ ದಾಟಿದರೂ ಓಡುತ್ತಿರುತ್ತದೆ, ಪಕ್ಕದಲ್ಲಿ ಕೈಯಿಂದ ಸುಲಿಯಲು ಮೆಟ್ಟುಗತ್ತಿ ಹಿಡಿದು ಕುಳಿತವರ ಮಾತುಕತೆಯೂ ಜೊತೆಗೂಡುತ್ತದೆ. ನಿದ್ದೆಗೆ ನಿಶ್ಶಬ್ದವೇ ಬೇಕೆನ್ನುವವರು ಈ ತಿಂಗಳುಗಳನ್ನು ತಪ್ಪಿಸುವುದು ಲೇಸು. ನನಗಂತೂ ಅದೇ ಕಾಲ ಇಷ್ಟವಾಯಿತು, ಏಕೆಂದರೆ ಸುಲಿಯುವವರಿಗೆಂದು ಮಾಡಿದ ಚಹಾ ಮತ್ತು ಬಿಸಿ ಕಡುಬಿನಲ್ಲಿ ಮಹಡಿಯವರಿಗೂ ಪಾಲು ಬರುತ್ತಿತ್ತು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆಯ ದರ್ಜೆಗಳ ವಿಂಗಡಣೆಯನ್ನು ನನ್ನ ಪತಿ ಭಾಷೆ ಕಲಿಯುವ ಮೊದಲೇ ಕಲಿತರು.

ವಿದೇಶಿಯರೊಂದಿಗೆ ಬರುವವರಿಗೆ ಈ ಮನೆಯ ನಿಜವಾದ ಅನುಕೂಲ ಬೇರೆಯೇ ಇದೆ. ವಿದೇಶಿಯರಿಗೆ ತಂಗಲು ಜಾಗ ಕೊಟ್ಟವರು 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕೆಂಬ ನಿಯಮವಿದ್ದು, ಇದಕ್ಕೆ ಹೆದರಿಯೇ ನಾವು ಮೊದಲು ನೋಡಿದ್ದ ಮನೆಯವರು ಪಾಸ್‌ಪೋರ್ಟ್ ಕಂಡೊಡನೆ ಬೇಡವೆಂದುಬಿಟ್ಟಿದ್ದರು. ಇಲ್ಲಿ ಯಜಮಾನರ ಮಗಳು ನಾವು ಪೆಟ್ಟಿಗೆ ಇಳಿಸುವಷ್ಟರಲ್ಲಿ ಆ ಕೆಲಸ ಮುಗಿಸಿದ್ದಳು.

ಕಾಡಿನಂಚಿನ ಊರೆಂಬುದನ್ನು ಮರೆಯಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗುಗಳಿಂದ (ಉಣ್ಣೆ ಹುಳುಗಳಿಂದ) ಹರಡುತ್ತದೆ, ಚಳಿಗಾಲದಿಂದ ಬೇಸಿಗೆಯವರೆಗೆ ಅದರ ಭಯ ಹೆಚ್ಚು. ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟಕ್ಕೆ ತಿರುಗಾಡಲು ಹೊರಟ ನಮ್ಮನ್ನು ಮನೆಯ ಅಮ್ಮನವರು ತಡೆದು, ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ತೈಲ ಹಚ್ಚಿಸಿ, ಹಿಂದಿರುಗಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಿಸಿದರು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಿರೆಂದೂ ಹೇಳಿದರು. ಸಣ್ಣಪುಟ್ಟ ಚಿಕಿತ್ಸೆ ಪೇಟೆಯಲ್ಲೇ ಆಗುತ್ತದೆ, ದೊಡ್ಡದಕ್ಕೆ ಸುಮಾರು 60 ಕಿಲೋಮೀಟರ್ ದೂರದ ಶಿವಮೊಗ್ಗ, ಇಲ್ಲವೇ ಆಗುಂಬೆ ಘಾಟಿ ಇಳಿದು ಮಣಿಪಾಲ. ರೈಲಿಗೂ ಶಿವಮೊಗ್ಗಕ್ಕೇ ಹೋಗಬೇಕು. 2023ರಲ್ಲಿ ಶಿವಮೊಗ್ಗದ ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಆರಂಭವಾಗಿರುವುದರಿಂದ ದೂರದಿಂದ ಬರುವ ನೆಂಟರ ತಾಪತ್ರಯ ಕಡಿಮೆಯಾಗಿದೆ.

ಪಾತ್ರೆ, ಹಾಸಿಗೆ ಮನೆಯವೇ. ಗ್ಯಾಸ್ ಮತ್ತು ಕರೆಂಟಿನ ಖರ್ಚು ಪ್ರತ್ಯೇಕ. ಪೇಟೆಗೆ ಬಸ್ಸು ಇದ್ದರೂ ಸಂಜೆಯ ಮೇಲೆ ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ ಸ್ವಂತ ದ್ವಿಚಕ್ರ ವಾಹನ ಅಗತ್ಯ. ಮೊದಲ ಸಲ ಬರುವವರು ನವೆಂಬರ್‌ನಿಂದ ಫೆಬ್ರವರಿಯವರೆಗೆ ಕೇಳಿ ನೋಡುವುದು ಒಳ್ಳೆಯದು. ಜೂನ್‌ನಲ್ಲೇ ಬರುತ್ತೇವೆಂದು ಹಟ ಹಿಡಿದವರಿಗೆ ಯಜಮಾನರು ಬಾಡಿಗೆಯಲ್ಲಿ ಸಾವಿರ ರೂಪಾಯಿ ಇಳಿಸುತ್ತಾರೆ, ಬಚ್ಚಲೊಲೆಯ ಮೇಲಿನ ಗಳದಲ್ಲಿ ಅರ್ಧ ಭಾಗವನ್ನೂ ಬಿಟ್ಟುಕೊಡುತ್ತಾರೆ.