ಮಗುವಿನ ಹುಟ್ಟುಹಬ್ಬಕ್ಕೆ ಕಾರಲ್ಲಿ ಮೈಸೂರು ಕಡೆ ಹೊರಟಿದ್ದೀರಾ? ನಮಗಾದದ್ದು ನಿಮಗೆ ಆಗದಿರಲಿ

ಕಳೆದ ಫೆಬ್ರವರಿಯಲ್ಲಿ ನಮ್ಮ ಪುಟ್ಟಿಗೆ ಏಳು ತುಂಬಿತು. ಬಲೂನು ಕಟ್ಟಿ, ಅಕ್ಕಪಕ್ಕದ ಮಕ್ಕಳನ್ನು ಕರೆದು ಕೇಕ್ ಕತ್ತರಿಸುವುದು ಪ್ರತಿ ವರ್ಷ ಇದ್ದದ್ದೇ. ಈ ಸಲ ಬೇರೆ ಏನಾದರೂ ಮಾಡೋಣ ಅಂತ ನಾನೂ ನಮ್ಮವರೂ ಕೂತು ಪ್ಲಾನ್ ಹಾಕಿದೆವು. ಬೆಂಗಳೂರಿನಿಂದ ಕಾರಲ್ಲಿ ಹೊರಡುವುದು. ಎಲ್ಲಿಗೆ ಅಂತ ಅವಳಿಗೆ ಹೇಳುವುದಿಲ್ಲ. ಗಾಡಿ ನಿಂತ ಕಡೆಯೆಲ್ಲ ಒಂದೊಂದು ಸರ್‌ಪ್ರೈಸ್. ಚನ್ನಪಟ್ಟಣದಲ್ಲಿ ಬೊಂಬೆ, ಮದ್ದೂರಲ್ಲಿ ವಡೆ, ರಂಗನತಿಟ್ಟಿನಲ್ಲಿ ದೋಣಿ, ಮೈಸೂರು ಮೃಗಾಲಯದಲ್ಲಿ ಜಿರಾಫೆ, ರಾತ್ರಿ ಬಂಡೀಪುರ ದಾಟಿ ಮಸಿನಗುಡಿಯಲ್ಲಿ ರೂಮ್. ಹುಟ್ಟುಹಬ್ಬ ಮಂಗಳವಾರ ಬಿದ್ದಿತ್ತು. ಸ್ಕೂಲಿಗೆ ಎರಡು ದಿನ ರಜೆ ಹಾಕಿಸಿದೆವು.

ಜೊತೆಗೆ ನಮ್ಮತ್ತೆಯೂ ಬಂದರು. ಅವರಿಗೂ ಏನೂ ಹೇಳಿರಲಿಲ್ಲ. ಮೊಮ್ಮಗಳು ಮುದ್ದು ಮಾಡಿ ಕೇಳಿದರೆ ಬಾಯಿ ಬಿಟ್ಟುಬಿಡುತ್ತಾರೆ ಅಂತ. ಆ ದಿನ ಕೆಟ್ಟಿದ್ದಕ್ಕೆ ಮೂಲ ಇದೇ ಅಂತ ನನಗೆ ಈಗ ಅನಿಸುತ್ತದೆ.

ಮೊದಲ ಎಡವಟ್ಟು ಎಕ್ಸ್‌ಪ್ರೆಸ್‌ವೇನಲ್ಲಿ. 2023ರಲ್ಲಿ ಶುರುವಾದ ಈ ಹೊಸ ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಯಾವ ಊರಿನ ಒಳಗೂ ಹೋಗುವುದಿಲ್ಲ, ಎಲ್ಲದಕ್ಕೂ ಬೈಪಾಸ್. ಹಳೇ ರಸ್ತೆಯಲ್ಲಿ ಬೇಕಾದ ಕಡೆ ಬ್ರೇಕ್ ಹಾಕಿ ಬೊಂಬೆ ಅಂಗಡಿಗೆ ನುಗ್ಗಿದ ಅಭ್ಯಾಸ ನಮ್ಮದು. ಇಲ್ಲಿ ಹಾಗಲ್ಲ. ಚನ್ನಪಟ್ಟಣ ಬೇಕೆಂದರೆ ರಾಮನಗರ ಬರುವ ಮೊದಲೇ ಸರ್ವಿಸ್ ರೋಡಿಗೆ ಇಳಿದಿರಬೇಕು. ನಾವು ಮಾತಾಡುತ್ತಾ ಅದನ್ನು ದಾಟಿಬಿಟ್ಟೆವು. ಹಾಲೆ ಮರದ ತುಂಡು ತಿರುಗುತ್ತಿರುವಾಗ ಅರಗಿನ ಬಣ್ಣ ಹಿಡಿಯುವುದನ್ನು ಅವಳಿಗೆ ತೋರಿಸಬೇಕು ಅಂತ ನನಗೆ ತುಂಬಾ ಆಸೆ ಇತ್ತು. ನನ್ನ ಮುಖ ನೋಡಿ ನಮ್ಮವರು ಗಾಡಿಯನ್ನು ಅಂಚಿಗೆ ತಂದು, ರಿವರ್ಸ್ ಹಾಕಿದರು. ಹತ್ತು ಮೀಟರ್ ಹಿಂದೆ ಹೋಗಿರಬಹುದು. ಹಿಂದಿನಿಂದ ಒಂದು ಲಾರಿ ಹಾರ್ನ್ ಒತ್ತಿಕೊಂಡೇ ಬಂದು, ಪಕ್ಕದಲ್ಲಿ ಹಾದುಹೋಯಿತು. ಆ ಗಾಳಿಗೆ ಕಾರು ಅಲ್ಲಾಡಿತು. ಅತ್ತೆ ಮಗುವನ್ನು ಎದೆಗೆ ಒತ್ತಿಕೊಂಡಿದ್ದು ಕನ್ನಡಿಯಲ್ಲಿ ಕಂಡಿತು. ಈಗಲೂ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ದಯವಿಟ್ಟು ಆ ರಸ್ತೆಯಲ್ಲಿ ಹಿಂದೆ ಹೋಗಬೇಡಿ. ಬೊಂಬೆ ತಪ್ಪಿದರೆ ತಪ್ಪಲಿ.

ಮದ್ದೂರಿನಲ್ಲಿ ಇಳಿದು ವಡೆ ತಿಂದೆವು, ರಂಗನತಿಟ್ಟಿನಲ್ಲಿ ದೋಣಿಗೆ ಕಾದೆವು. ಬಂಡೆ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆ ನೋಡಿ ಪುಟ್ಟಿ ಕುಣಿದಳು. ಇಡೀ ದಿನದಲ್ಲಿ ಚೆನ್ನಾಗಿದ್ದದ್ದು ಅದೊಂದೇ.

ಮೃಗಾಲಯದ ಹತ್ತಿರ ಹೋದಾಗ ಮಧ್ಯಾಹ್ನ ಮೂರು. ನಾನು ಅವಳ ಕಣ್ಣು ಮುಚ್ಚಿ ಕಾರಿಂದ ಇಳಿಸಿ, ಮೆಲ್ಲಗೆ ನಡೆಸಿಕೊಂಡು ಗೇಟಿನ ಎದುರು ತಂದು ಕೈ ತೆಗೆದೆ. ಗೇಟಿಗೆ ಬೀಗ. ಒಂದು ನರಪಿಳ್ಳೆ ಇಲ್ಲ. ಹಿಂದೆ ನಿಧಾನಕ್ಕೆ ಬರುತ್ತಿದ್ದ ಅತ್ತೆ ಅಂದರು, 'ಅಲ್ಲ ಕಣೋ, ಇವತ್ತು ಮಂಗಳವಾರ. ಮಂಗಳವಾರ ಜೂಗೆ ರಜೆ ಅಲ್ವೇನೋ? ನನ್ನ ಒಂದು ಮಾತು ಕೇಳಬಾರದಿತ್ತಾ?'

ಅತ್ತೆ ಹುಟ್ಟಿ ಬೆಳೆದದ್ದು ಪಕ್ಕದ ಇಟ್ಟಿಗೆಗೂಡಿನಲ್ಲೇ. ರಾತ್ರಿ ಹುಲಿ ಸಿಂಹಗಳ ಕೂಗು ಕೇಳುತ್ತಾ ನಿದ್ದೆ ಮಾಡಿದವರು. ಅವರಿಂದ ಮುಚ್ಚಿಟ್ಟು ನಾವು ಏನು ಸಾಧಿಸಿದೆವು? ಪಕ್ಕದ ಕಾರಂಜಿ ಕೆರೆಗಾದರೂ ಹೋಗೋಣ ಅಂದರೆ ಅದಕ್ಕೂ ಮಂಗಳವಾರವೇ ರಜೆ. ದಸರೆಯಂಥ ಸಮಯದಲ್ಲಿ ಕೆಲವೊಮ್ಮೆ ಮಂಗಳವಾರವೂ ತೆರೆಯುತ್ತಾರೆ, ಆದರೆ ಅದನ್ನು ನಂಬಿಕೊಂಡು ಹೊರಡಬೇಡಿ. ಪುಟ್ಟಿ ಜೋರಾಗಿ ಅಳಲಿಲ್ಲ. ಗೇಟಿನ ಕಂಬಿ ಹಿಡಿದು ಒಳಗೆ ಇಣುಕುತ್ತಾ, 'ಜಿರಾಫೆ ಮಲಗಿದೆಯಾ ಅಮ್ಮಾ?' ಅಂದಳು. ಜೋರಾಗಿ ಅತ್ತಿದ್ದರೇ ಚೆನ್ನಾಗಿತ್ತು.

ಅವಳನ್ನು ಸಮಾಧಾನ ಮಾಡಲು ಐಸ್‌ಕ್ರೀಮ್, ಚಿಪ್ಸ್, ಆಟದ ಸಾಮಾನು ಅಂತ ಊರೆಲ್ಲ ಸುತ್ತಿದೆವು. ಮೈಸೂರು ಬಿಟ್ಟಾಗ ಏಳು ದಾಟಿತ್ತು. ನಂಜನಗೂಡಿನ ಹತ್ತಿರ ತಿಂದದ್ದೆಲ್ಲ ವಾಂತಿಯಾಯಿತು. ಗಾಡಿ ನಿಲ್ಲಿಸಿ, ತೊಳೆದು, ಬಟ್ಟೆ ಬದಲಾಯಿಸಿ ಹೊರಡುವಷ್ಟರಲ್ಲಿ ಇನ್ನೂ ಹೊತ್ತಾಯಿತು.

ಗುಂಡ್ಲುಪೇಟೆ ದಾಟಿ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ಮುಟ್ಟಿದಾಗ ಒಂಬತ್ತು ಹತ್ತು. ಗೇಟು ಹಾಕಿತ್ತು. ಬಂಡೀಪುರದ ಕಾಡಿನ ರಸ್ತೆಯನ್ನು ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಮುಚ್ಚುತ್ತಾರೆ. 2009ರಿಂದಲೂ ಇದೆ. ಕತ್ತಲಲ್ಲಿ ಗಾಡಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು ಅಂತ ಮಾಡಿದ ನಿಯಮ, ಸರಿಯಾದದ್ದೇ. ಊಟಿ ರಸ್ತೆಗೂ ವಯನಾಡು ರಸ್ತೆಗೂ ಒಂದೇ. ಆಂಬುಲೆನ್ಸ್ ಬಿಡುತ್ತಾರೆ, ಕೆಲವು ಸರ್ಕಾರಿ ಬಸ್ಸು ಬಿಡುತ್ತಾರೆ, ನಮ್ಮಂಥವರನ್ನಲ್ಲ. ನಮಗೆ ನಿಯಮ ಗೊತ್ತಿತ್ತು. ಬೆಳಗ್ಗೆ ಲೆಕ್ಕ ಹಾಕಿದಾಗ ಐದಕ್ಕೆಲ್ಲ ದಾಟುತ್ತೇವೆ ಅಂದುಕೊಂಡಿದ್ದೆವು, ಅಷ್ಟೇ. ಮಸಿನಗುಡಿ ಇರುವುದು ತಮಿಳುನಾಡಿನ ನೀಲಗಿರಿ ಜಿಲ್ಲೆಯಲ್ಲಿ. ಆ ಕಡೆ ಹೋಗುವ ಗಾಡಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು, ಅದನ್ನು ಮಾಡಿಸಿದ್ದೆವು. ಪಾಸ್ ಇದ್ದರೂ ಗೇಟು ಹಾಕಿದ ಮೇಲೆ ಏನು ಮಾಡುವುದು?

ರೂಮಿನವರಿಗೆ ಫೋನ್ ಮಾಡಿದೆ. ಬುಕ್ ಮಾಡುವಾಗ 'ಎಷ್ಟೊತ್ತಿಗೆ ಬಂದ್ರೂ ಪರವಾಗಿಲ್ಲ ಮೇಡಂ' ಅಂದಿದ್ದರು. ಈಗ 'ಗೇಟ್ ಟೈಮ್ ನೀವು ನೋಡ್ಕೋಬೇಕಿತ್ತು' ಅಂದರು. ಕಟ್ಟಿದ್ದ ಆರೂವರೆ ಸಾವಿರದಲ್ಲಿ ಒಂದು ರೂಪಾಯಿ ವಾಪಸ್ ಬರಲಿಲ್ಲ. ಬಂಡೀಪುರದ ಆಚೆ ರೂಮ್ ಮಾಡುವವರು ಗೇಟು ತಪ್ಪಿದರೆ ದುಡ್ಡು ಏನಾಗುತ್ತದೆ ಅಂತ ಮೊದಲೇ ಕೇಳಿ, ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಗುಂಡ್ಲುಪೇಟೆಗೆ ವಾಪಸ್ ಬಂದು ಒಂದು ಲಾಡ್ಜ್ ಹಿಡಿದೆವು. ಡಿಕ್ಕಿಯಲ್ಲಿದ್ದ ಕೇಕಿನ ಡಬ್ಬ ತೆಗೆದರೆ ಕ್ರೀಮೆಲ್ಲ ಕರಗಿ ಮುಚ್ಚಳಕ್ಕೆ ಮೆತ್ತಿಕೊಂಡಿತ್ತು. ಹೆಸರಿನ ಕೊನೆಯ ಅಕ್ಷರ ಮಾತ್ರ ಉಳಿದಿತ್ತು. ಮೇಣದಬತ್ತಿ ಇತ್ತು, ಬೆಂಕಿಪೊಟ್ಟಣ ಇರಲಿಲ್ಲ. ಕೆಳಗಿನಿಂದ ತರುವಷ್ಟರಲ್ಲಿ ಹತ್ತೂಮುಕ್ಕಾಲು. ಪುಟ್ಟಿ ತೂಕಡಿಸುತ್ತಲೇ ಊದಿದಳು. ಹಾಸಿಗೆ ಮೇಲೆ ಮಲಗಿಸಿದಾಗ ಕಣ್ಣು ತೆರೆದು, 'ಅಮ್ಮಾ, ನಾಳೆ ಸರ್‌ಪ್ರೈಸ್ ಬೇಡ. ಎಲ್ಲಿಗೆ ಹೋಗ್ತೀವಿ ಅಂತ ಈಗಲೇ ಹೇಳು' ಅಂದಳು.

ಹೇಳಿದೆ. ಒಂದೊಂದಾಗಿ, ಎಷ್ಟು ಗಂಟೆಗೆ ಎಲ್ಲಿ ಅಂತ. ಕೇಳುತ್ತಾ ಕೇಳುತ್ತಾ ಅವಳ ಮುಖ ಅರಳಿತು. ಆ ಮುಖ ನೋಡಬೇಕು ಅಂತಲೇ ಅಲ್ವಾ ನಾವು ಇಷ್ಟೆಲ್ಲ ಮಾಡಿದ್ದು? ಸರ್‌ಪ್ರೈಸ್ ಮಗುವಿಗೆ ಮಾತ್ರ ಇರಲಿ, ಅದೂ ಒಂದು ಸಾಕು. ಜೊತೆಗೆ ಬರುವ ದೊಡ್ಡವರಿಗೆ ಎಲ್ಲ ಹೇಳಿ. ದಾರಿ ಗೊತ್ತಿರುವವರು, ಊರು ಗೊತ್ತಿರುವವರು ಮನೆಯಲ್ಲೇ ಇರುತ್ತಾರೆ.

ಬುಧವಾರ ಬೆಳಗ್ಗೆ ಮೈಸೂರಿಗೆ ವಾಪಸ್ ಹೊರಟೆವು. ಮೃಗಾಲಯ ಎಂಟೂವರೆಗೆ ತೆರೆಯುತ್ತದೆ. ಕಾರು ಹತ್ತುವ ಮೊದಲೇ ಅತ್ತೆ ಇಟ್ಟಿಗೆಗೂಡಿನ ತಮ್ಮನಿಗೆ ಫೋನ್ ಮಾಡಿ, 'ಗೇಟಿನ ಹತ್ತಿರ ಹೋಗಿ ನೋಡ್ಕೊಂಡು ಬಾರೋ, ಇವತ್ತು ತೆಗೀತಾರಾ ಅಂತ' ಅಂದರು.